ಪಥ್ಯಪ್ಪನ ಫೈಲು ತೆರೆದ ದಿನ

ಹೊಸ ಕಂಪ್ಯೂಟರ್ ಬಂದದ್ದೇ ಎಲ್ಲ ಅನರ್ಥಕ್ಕೂ ಮೂಲ. ಹಿಂದಿನ ಸಂಜೆ ರಿಪೇರಿಯವನು ಮೃಗಾಲಯದ ಕಚೇರಿಗೆ ಬಂದು, ಹಳೆಯ ಪೆಟ್ಟಿಗೆಯನ್ನು ಕಿತ್ತು, ಹೊಸದನ್ನು ಕೂರಿಸಿ, "ಸ್ಕ್ರೀನ್ ಮೇಲೆ ಏನೇನಿತ್ತೋ ಎಲ್ಲಾ ಹಾಗೇ ತಂದಿಟ್ಟಿದೀನಿ ಸಾರ್. ನಿಮಗೆ ವ್ಯತ್ಯಾಸಾನೇ ಗೊತ್ತಾಗಲ್ಲ" ಎಂದು ಹೇಳಿ ಹೋಗಿದ್ದ. ಬೆಳಗ್ಗೆ ಪಥ್ಯಪ್ಪ ಕುರ್ಚಿಯ ಧೂಳು ಕೊಡವಿ ಕೂತು ನೋಡಿದರೆ ಅವನ ಮಾತು ಅಕ್ಷರಶಃ ನಿಜವಾಗಿತ್ತು. ಮೂಲೆಯಲ್ಲಿ ಕಸದ ಬುಟ್ಟಿ, ಅದರ ಕೆಳಗೆ ಕ್ಯಾಲ್ಕುಲೇಟರು, ಅದರ ಪಕ್ಕದಲ್ಲಿ ಹಸಿರು ಬಣ್ಣದ 'ದಿನದ ಆಹಾರ' ಫೈಲು, ಎಲ್ಲವೂ ಗ್ರೂಪ್ ಫೋಟೋಗೆ ನಿಂತ ಶಾಲೆಯ ಮಕ್ಕಳ ಹಾಗೆ ತಮ್ಮ ತಮ್ಮ ಜಾಗದಲ್ಲಿ ನಿಂತಿದ್ದವು. ಪಥ್ಯಪ್ಪ 'ದಿನದ ಆಹಾರ'ದ ಮೇಲೆ ಮೌಸ್ ಇಟ್ಟು ಒತ್ತಿದ. ಅದು ತೆರೆಯಲಿಲ್ಲ.

'ನೀವು ಹುಡುಕುತ್ತಿರುವ ವಸ್ತು ಸಿಗುತ್ತಿಲ್ಲ' ಎಂದು ಪರದೆಯ ಮೇಲೆ ಒಂದು ಚೌಕ ಎದ್ದು ಬಂದು ತಿಳಿಸಿತು.

"ಕಣ್ಣೆದುರಿಗೇ ಇದೆಯಲ್ಲಪ್ಪಾ!" ಎಂದ ಪಥ್ಯಪ್ಪ, ಚೌಕಕ್ಕೆ ಕಿವಿಯಿದೆಯೇನೋ ಎಂಬಂತೆ.

ಪಥ್ಯಪ್ಪ ಎಂಬುದು ಅವನ ಹೆಸರಲ್ಲ. ಯಾವ ಪ್ರಾಣಿ ಯಾವ ದಿನ ಎಷ್ಟು ತಿನ್ನಬೇಕು ಎಂದು ಲೆಕ್ಕ ಹಾಕುವ ಕೆಲಸ ಅವನದಾದ್ದರಿಂದ ಮೃಗಾಲಯದವರು ಇಟ್ಟ ಹೆಸರು. ದಿನವೂ ಬೆಳಗ್ಗೆ ಅವನು ಆ ಫೈಲನ್ನು ತೆರೆದು ಪ್ರಾಣಿಗಳ ತೂಕ, ಡಾಕ್ಟರಮ್ಮನ ಸೂಚನೆ, ಹೊರಗಿನ ಬಿಸಿಲು ಚಳಿ ಎಲ್ಲವನ್ನೂ ತುಂಬಿದರೆ, ಇಂಥ ಕರಡಿಗೆ ಇಷ್ಟು ಕ್ಯಾರೆಟ್ಟು, ಇಂಥ ಹುಲಿಗೆ ಇಷ್ಟು ಮಾಂಸ ಎಂದು ಅದು ತಾನೇ ಲೆಕ್ಕ ಕಟ್ಟಿ ಹೇಳುತ್ತಿತ್ತು. ಅದನ್ನು ಪ್ರಿಂಟ್ ತೆಗೆದು ಉಗ್ರಾಣಕ್ಕೆ ಕೊಟ್ಟರೆ ಆಹಾರ ಹೊರಗೆ ಬರುತ್ತಿತ್ತು. ಕೊಡದಿದ್ದರೆ ಒಂದು ಕಡಲೆಕಾಯಿಯೂ ಬರುತ್ತಿರಲಿಲ್ಲ. ಆ ಫೈಲಿನ ಒಂದೊಂದು ಸೂತ್ರವನ್ನೂ ಅವನೇ ಕೂತು ಕಟ್ಟಿದ್ದ. ಬೇರೆಯವರು ಮಗುವಿನ ಫೋಟೋ ತೋರಿಸುವ ಹಾಗೆ ಅವನು ಅದರ ಬಗ್ಗೆ ಮಾತಾಡುತ್ತಿದ್ದ.

ಇದೇ ದಿನ ಆಗಬೇಕಿತ್ತೇ ಇದು? ಪಥ್ಯಪ್ಪ ಸೇರಿದಾಗಿನಿಂದ ಹಂಗಾಮಿ ನೌಕರ. ಅವನನ್ನು ಕಾಯಂ ಮಾಡುವ ಆದೇಶ ಸಾಹೇಬರ ಮೇಜಿನ ಮೇಲೆ ಕೂತಿತ್ತು, ಸಂಜೆ ಸಹಿ ಬೀಳಬೇಕಿತ್ತು. ಬೆಳಗ್ಗೆ ಹೊರಡುವಾಗ ಹೆಂಡತಿ ಬಾಗಿಲವರೆಗೂ ಬಂದು, "ರೀ, ಇವತ್ತೊಂದು ದಿನ ಏನೂ ಎಡವಟ್ಟು ಮಾಡ್ಕೋಬೇಡಿ. ನಮ್ಮಣ್ಣನಿಗೆ ಆಗಲೇ ಹೇಳ್ಬಿಟ್ಟಿದೀನಿ" ಎಂದಿದ್ದಳು. ಅವಳ ಅಣ್ಣನೆಂದರೆ, ಪ್ರತಿ ಸಲ ಸಿಕ್ಕಾಗಲೂ "ಏನ್ ಭಾವ, ಇನ್ನೂ ಹಂಗಾಮೀನಾ?" ಎಂದು ನೆಗಡಿ ವಿಚಾರಿಸುವ ಧ್ವನಿಯಲ್ಲಿ ಕೇಳುವವನು.

ಪಥ್ಯಪ್ಪ ಕಂಪ್ಯೂಟರನ್ನು ಆರಿಸಿ ಮತ್ತೆ ಹಚ್ಚಿದ. ಚೌಕ ಮತ್ತೆ ಬಂತು. ಒಂದೇ ಪ್ರಯೋಗವನ್ನು ಹಲವು ಸಲ ಮಾಡಿದಾಗ ಒಂದೇ ಫಲ ಬರುವುದು ವಿಜ್ಞಾನಕ್ಕೆ ಬಹಳ ಸಂತೋಷದ ವಿಷಯ. ಪಥ್ಯಪ್ಪನಿಗೆ ಬೆವರು ಬಂತು.

ಅಷ್ಟರಲ್ಲಿ ಉಗ್ರಾಣದಕ್ಕ ಬಂದರು. ಉಗ್ರಾಣದ ಬೀಗದ ಕೈಗೊಂಚಲು ಅವರ ಸೊಂಟದಲ್ಲಿ ಝಣಝಣ ಎನ್ನುತ್ತಿತ್ತು. ಕರಡಿಗೂ ಆ ಸದ್ದಿನ ಪರಿಚಯವಿತ್ತು.

"ಪ್ರಿಂಟ್ ಎಲ್ಲಪ್ಪಾ? ಹೊರಗೆ ಎಲ್ರೂ ಬುಟ್ಟಿ ಹಿಡ್ಕೊಂಡು ನಿಂತಿದಾರೆ."

"ಫೈಲು ತೆರೀತಿಲ್ಲ ಅಕ್ಕಾ."

"ನನ್ನ ತಕ್ಕಡಿ ಹಟ ಹಿಡಿದ್ರೆ ತಲೆ ಮೇಲೆ ಒಂದು ಕುಟ್ತೀನಿ. ಕುಟ್ಟಿ ನೋಡು."

ಪಥ್ಯಪ್ಪ ಹೊಸ ಕಂಪ್ಯೂಟರಿನ ತಲೆಯ ಮೇಲೆ ಮೆಲ್ಲಗೆ ಕುಟ್ಟಿದ. ಯಾರಾದರೂ ನೋಡಿದ್ದರೆ ಆಶೀರ್ವಾದ ಮಾಡುತ್ತಿದ್ದಾನೆ ಎಂದುಕೊಳ್ಳುತ್ತಿದ್ದರು.

"ಅಕ್ಕಾ, ಇವತ್ತೊಂದು ದಿನ ಕೈಯಲ್ಲಿ ಬರೆದುಕೊಡ್ಲಾ?"

"ಕೈಬರಹಾನಾ?" ಉಗ್ರಾಣದಕ್ಕ ಎರಡು ಹೆಜ್ಜೆ ಹಿಂದೆ ಸರಿದರು. "ಹಿಂದೆ ಒಬ್ರು ಕೈಯಲ್ಲಿ ಬರೆದು, ಸೊನ್ನೆ ಜಾಸ್ತಿಯಾಗಿ, ನವಿಲಿಗೆ ಒಂದು ಗಾಡಿ ಹುಲ್ಲು ಹೋಗಿತ್ತು. ನವಿಲು ಹುಲ್ಲಿನೊಳಗೇ ಕಳೆದುಹೋಗಿತ್ತು. ಆಮೇಲೆ ಸುತ್ತೋಲೆ ಬಂತು, ಪ್ರಿಂಟ್ ಇಲ್ದೆ ಬಾಗಿಲು ತೆಗೀಬಾರ್ದು ಅಂತ."

"ನಿನ್ನೆಯ ಪ್ರಿಂಟ್ ಇದ್ದರೆ ನೋಡ್ಕೊಂಡು..."

"ನಿನ್ನೇದು ನಿನ್ನೇನೇ ಕಟ್ಟು ಕಟ್ಟಿ ದೊಡ್ಡ ಕಚೇರಿಗೆ ಹೋಯ್ತು. ಕರಡಿಗೆ ಎಷ್ಟು ಅಂತ ನನಗೂ ಗೊತ್ತು, ನಿನಗೂ ಗೊತ್ತು, ಕರಡಿಗೂ ಗೊತ್ತು. ಆದರೆ ಸುತ್ತೋಲೆಗೆ ಗೊತ್ತಿಲ್ವಲ್ಲ" ಎಂದು ಅವರು ಕೈಗೊಂಚಲನ್ನು ಇನ್ನಷ್ಟು ಭದ್ರವಾಗಿ ಸಿಕ್ಕಿಸಿಕೊಂಡರು.

ಪಕ್ಕದ ಮೇಜಿನಿಂದ ಲೆಕ್ಕದ ಯಜಮಾನರು ಎದ್ದು ಬಂದರು. ನಿವೃತ್ತಿಗೆ ಹತ್ತಿರವಾಗಿದ್ದ ಇವರಿಗೆ ತಿಳಿಯದ ವಿಷಯ ಜಗತ್ತಿನಲ್ಲಿ ಇರಲಿಲ್ಲ. ಅವರ ಸ್ವಂತ ಕೆಲಸವೊಂದನ್ನು ಬಿಟ್ಟು.

"ಬಾಲ ಉದುರಿದೆ" ಎಂದರು, ಕನ್ನಡಕದ ಮೇಲಿಂದ ನೋಡಿ. "ಪ್ರತಿ ಫೈಲಿಗೂ ಹೆಸರಿನ ಕೊನೆಗೆ ಒಂದು ಬಾಲ ಇರ್ಬೇಕಪ್ಪಾ. ನಮ್ಮ ಷಡ್ಡಕರ ಮಗ ಇದರಲ್ಲೇ ಇರೋದು. ಅವನು ಹೇಳಿದ್ದು. ಆಚೆ ಸರಿ ನೀನು."

ಅವರು ಕೂತು ಹೆಸರಿಗೊಂದು ಬಾಲ ಅಂಟಿಸಿದರು. ತೆರೆಯಲಿಲ್ಲ. ಅದರ ಹಿಂದೆ ಇನ್ನೊಂದು ಬಾಲ ಅಂಟಿಸಿದರು. ಆಗಲೂ ತೆರೆಯಲಿಲ್ಲ. ಇಡೀ ಮೃಗಾಲಯದಲ್ಲಿ ಎರಡು ಬಾಲದ ಪ್ರಾಣಿ ಅದೊಂದೇ ಆಯಿತು. ಕೊನೆಗೆ, "ಇದು ಹೊಸ ಮೆಷೀನು, ನಿನ್ನ ಫೈಲು ಹಳೇದು. ಇಬ್ಬರಿಗೂ ಹೊಂದಾಣಿಕೆ ಆಗ್ಬೇಕು. ಸ್ವಲ್ಪ ಹೊತ್ತು ಇಬ್ಬರನ್ನೇ ಬಿಡು" ಎಂದು ಮದುವೆಯ ಮಾತುಕತೆ ಮುಗಿಸಿದವರಂತೆ ಎದ್ದುಹೋದರು.

ಹೊರಗೆ ಆನೆ ಒಮ್ಮೆ ಘೀಳಿಟ್ಟಿತು. ಆಗ ಪಥ್ಯಪ್ಪನಿಗೆ ತಟ್ಟನೆ ಹೊಳೆಯಿತು. ನಕಲು! ಪ್ರತಿ ತಿಂಗಳ ಕೊನೆಗೂ ಅವನು ಈ ಫೈಲನ್ನು ಡಾಕ್ಟರಮ್ಮ, ಲೆಕ್ಕದ ಯಜಮಾನರು, ಸಾಹೇಬರು ಮತ್ತು ದೊಡ್ಡ ಕಚೇರಿಗೆ ಮೇಲ್‌ನಲ್ಲಿ ಕಳಿಸುತ್ತಿದ್ದ. ಪ್ರತಿ ತಿಂಗಳೂ ನಾಲ್ವರಿಂದಲೂ ತಪ್ಪದೆ ಉತ್ತರ ಬರುತ್ತಿತ್ತು: 'ಪರಿಶೀಲಿಸಲಾಗಿದೆ. ಸರಿಯಾಗಿದೆ.' ಅಂದರೆ ಫೈಲು ನಾಲ್ಕು ಮನೆಯಲ್ಲಿ ಕ್ಷೇಮವಾಗಿದೆ!

"ಯಜಮಾನ್ರೇ, ನಾನು ಹೋದ ತಿಂಗಳು ಕಳಿಸಿದ ಫೈಲು ನಿಮ್ಮ ಹತ್ರ ಇದೆಯಲ್ಲ, ಒಂಚೂರು ತೆಗೀರಿ."

ಲೆಕ್ಕದ ಯಜಮಾನರು ತಮ್ಮ ಕಂಪ್ಯೂಟರಿನ ಕಡೆ ನೋಡಿದರು. ಅದರ ಮೇಲೆ ಪ್ಲಾಸ್ಟಿಕ್ ಹೊದಿಕೆ ಇತ್ತು, ಹೊದಿಕೆಯ ಮೇಲೆ ಅವರ ಛತ್ರಿ ಇತ್ತು, ಛತ್ರಿಯ ಮೇಲೆ ಧೂಳು ಇತ್ತು.

"ಅದನ್ನ ನಾನು ಮನಸ್ಸಿನಲ್ಲೇ ಪರಿಶೀಲಿಸಿಬಿಟ್ಟಿದೀನಪ್ಪಾ. ಕೂಡಿದ್ದು ಸರಿಯಾಗಿತ್ತು. ಡಾಕ್ಟರಮ್ಮನ ಹತ್ರ ಇರುತ್ತೆ, ಕೇಳು."

ಡಾಕ್ಟರಮ್ಮ ಆಸ್ಪತ್ರೆಯ ಕೋಣೆಯಲ್ಲಿ ಒಂದು ಆಮೆಗೆ ಔಷಧಿ ಕುಡಿಸಲು ಅದು ತಲೆ ಹೊರಗೆ ಹಾಕುವುದನ್ನೇ ಕಾಯುತ್ತಿದ್ದರು. ಪಥ್ಯಪ್ಪನ ಮಾತು ಕೇಳಿ ಅವರಿಗೆ ಖುಷಿಯೇ ಆಯಿತು. ಆಮೆಗಿಂತ ಬೇಗ ಮುಗಿಯುವ ಕೆಲಸ.

"ನಿಮ್ಮ ಫೈಲಾ! ಎಂಥಾ ಅಚ್ಚುಕಟ್ಟು ಅಂತೀನಿ. ಒಂದು ಸಾಲು ಬಿಡದೆ ಓದ್ತೀನಿ ನಾನು. ಬನ್ನಿ ಬನ್ನಿ." ಅವರು ಮೇಲ್ ಹುಡುಕಿ ಒತ್ತಿದರು. ಚೌಕ ಬಂತು. ಇನ್ನೊಮ್ಮೆ ಒತ್ತಿದರು. ಮತ್ತೆ ಚೌಕ.

"ನಿನ್ನೆ ತೆರೀತಿತ್ತಪ್ಪಾ" ಎಂದರು ಡಾಕ್ಟರಮ್ಮ, ಪರದೆಯನ್ನು ನೋಡುತ್ತಲೇ. "ಇವತ್ತು ಇದಕ್ಕೆ ಹುಷಾರಿಲ್ಲ."

"ಅದರ ಹಿಂದಿನ ತಿಂಗಳದ್ದು?"

ಅದಕ್ಕೂ ಹುಷಾರಿರಲಿಲ್ಲ. ಅದರ ಹಿಂದಿನದಕ್ಕೂ. ಫೈಲುಗಳಿಗೆ ಸಾಂಕ್ರಾಮಿಕ ತಗುಲಿದ ಹಾಗಿತ್ತು. ಅಷ್ಟರಲ್ಲಿ ಆಮೆ ತಲೆ ಹೊರಗೆ ಹಾಕಿ, ಏನು ಗಲಾಟೆ ಎಂದು ನೋಡಿ, ಯಾರೂ ತನ್ನತ್ತ ಗಮನ ಕೊಡದ್ದರಿಂದ ಮತ್ತೆ ಒಳಗೆ ಹೋಯಿತು.

ಪಥ್ಯಪ್ಪ ಸಾಹೇಬರ ಕೋಣೆಗೆ ಓಡಿದ. ಸಾಹೇಬರು ಎಲ್ಲರನ್ನೂ 'ಇವ್ರೇ' ಎಂದೇ ಕರೆಯುತ್ತಿದ್ದರು. ಹೆಸರು ನೆನಪಿಟ್ಟುಕೊಳ್ಳುವ ಶ್ರಮವಿಲ್ಲ, ಗೌರವಕ್ಕೂ ಕುಂದಿಲ್ಲ.

"ಏನು ಇವ್ರೇ, ಹುಲಿ ಯಾಕೆ ಹಾಗೆ ಕೂಗ್ತಿದೆ?"

"ಹಸಿವು ಸಾರ್. ಫೈಲು ತೆರೀತಿಲ್ಲ. ತಮಗೆ ಕಳಿಸಿದ ನಕಲು ಸಿಕ್ಕಿದ್ರೆ..."

"ನಂದು ಎಲ್ಲಾ ಭದ್ರವಾಗಿದೆ. ಒಂದೊಂದೂ ನೋಡಿದೀನಿ." ಸಾಹೇಬರು ಕಾಯಂ ಆದೇಶದ ಕಾಗದವನ್ನು ಬೆರಳಲ್ಲಿ ತಟ್ಟಿದರು. "ನೋಡಿದ್ದಕ್ಕೇ ಅಲ್ವಾ ಇಲ್ಲಿ ಬರೆದಿರೋದು? ಸೇರಿದಾಗಿನಿಂದ ಒಂದೇ ಒಂದು ಆಕ್ಷೇಪಣೆ ಇಲ್ಲ! ಈ ಇಲಾಖೇಲಿ ಅಂಥವರು ಯಾರಿದಾರೆ ಹೇಳಿ? ನನ್ನ ಮೇಲೇ ಎಷ್ಟೋ ಇವೆ." ಅವರು ಗಂಭೀರವಾಗಿ ಮೌಸ್ ಹಿಡಿದು ಒತ್ತಿದರು. ಚೌಕ ಎದ್ದು ಬಂದು ಸಾಹೇಬರಿಗೂ ಪಥ್ಯಪ್ಪನಿಗೂ ಭೇದವೆಣಿಸದೆ ಅದೇ ಮಾತು ಹೇಳಿತು.

ಸಾಹೇಬರು ಮೌಸನ್ನು ತಿರುಗಿಸಿ ಅದರ ಹೊಟ್ಟೆ ನೋಡಿದರು.

"ನಿನ್ನೆ ತೆರೀತಿತ್ತು" ಎಂದರು ಸಾಹೇಬರು. "ದೊಡ್ಡ ಕಚೇರಿಗೆ ಫೋನ್ ಮಾಡಿ ಇವ್ರೇ. ಮತ್ತೆ ಇನ್ನೊಂದು ಮಾತು. ಪ್ರಾಣಿಗಳು ಹೀಗೆ ಕೂಗ್ತಾ ಇರೋವಾಗ ನಾನು ಆಹಾರದವರನ್ನ ಕಾಯಂ ಮಾಡಿದ್ರೆ ನೋಡಿದೋರು ಏನಂತಾರೆ? ಸಂಜೆ ಒಳಗೆ ಬಾಯಿ ಮುಚ್ಚಿಸಿ ಎಲ್ಲದರದ್ದೂ."

ದೊಡ್ಡ ಕಚೇರಿಯ ಪರಿಶೀಲನಾಧಿಕಾರಿ ಫೋನಿನಲ್ಲಿ ಬಹಳ ಹಿತವಾಗಿ ಮಾತಾಡಿದರು. "ನಿಮ್ಮ ಫೈಲೇನ್ರೀ? ಅಯ್ಯೋ, ಅದನ್ನ ನಾವು ಬೇರೆ ಮೃಗಾಲಯದವರಿಗೆಲ್ಲ ಮಾದರಿ ಅಂತ ಕಳಿಸ್ತೀವಿ! ಅವರೂ ತುಂಬಾ ಮೆಚ್ಚಿದಾರೆ. ಈಗಲೇ ವಾಪಸ್ ಕಳಿಸಿಕೊಡ್ತೀನಿ ಇರಿ." ಬಂತು. ಪಥ್ಯಪ್ಪ ಕಣ್ಣು ಮುಚ್ಚಿ ಒತ್ತಿದ, ಒಂದೇ ಕಣ್ಣು ತೆರೆದು ನೋಡಿದ. ಚೌಕ ಕಾಯುತ್ತಿತ್ತು.

ಕೊನೆಗೆ ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದ. ರಿಪೇರಿಯವನಿಗೆ ಫೋನ್ ಮಾಡಿದ. ಅವನು ಇನ್ನೆಲ್ಲೋ ಒಂದು ಮೇಜಿನಡಿ ತಲೆ ಹಾಕಿಕೊಂಡಿದ್ದನೋ ಏನೋ, ಧ್ವನಿ ಬಾವಿಯೊಳಗಿಂದ ಬಂದಂತಿತ್ತು.

"ಸಾರ್, ಆ ಹಸಿರು ಚಿತ್ರದ ಮೂಲೇಲಿ ಸಣ್ಣ ಬಾಣದ ಗುರುತು ಇದೆಯಾ ನೋಡಿ."

"ಇದೆ. ಮೊದಲಿಂದಲೂ ಇದೆ. ಅದು ಅಲಂಕಾರಕ್ಕೆ ಅಂದುಕೊಂಡಿದ್ದೆ."

"ಅದು ಫೈಲ್ ಅಲ್ಲ ಸಾರ್. ಶಾರ್ಟ್‌ಕಟ್ಟು. ಫೈಲು ಎಲ್ಲಿದೆ ಅಂತ ದಾರಿ ತೋರಿಸುತ್ತೆ ಅಷ್ಟೇ. ನಿಜವಾದ ಫೈಲು ಹಳೇ ಪೆಟ್ಟಿಗೆ ಒಳಗೆ ಎಲ್ಲೋ ಇದೆ. ನಾನು ಸ್ಕ್ರೀನ್ ಮೇಲಿದ್ದದ್ದು ಮಾತ್ರ ತಂದಿದ್ದು. ಮೊದಲೇ ಹೇಳಿದ್ನಲ್ಲ ಸಾರ್."

"ಹಾಗಾದ್ರೆ... ಇದನ್ನೇ ನಾನು ಬೇರೆಯವರಿಗೆ ಕಳಿಸಿದ್ರೆ?"

ಫೋನಿನ ಆಚೆ ನಗು. "ಯಾರಿಗಾದ್ರೂ ನಿಮ್ಮ ಮನೆ ಕಳಿಸ್ತೀನಿ ಅಂದು ಮನೆ ವಿಳಾಸ ಕಳಿಸಿದ ಹಾಗೆ ಸಾರ್. ಯಾರ ಹತ್ರಾನೂ ತೆರೆಯಲ್ಲ. ತೆರೆಯೋಕೇ ಸಾಧ್ಯವಿಲ್ಲ. ಆದರೆ ಚಿಂತೆ ಮಾಡ್ಬೇಡಿ, ಹಾಗೆ ಕಳಿಸಿದ್ರೆ ಮೊದಲನೇ ದಿನವೇ 'ತೆರೀತಿಲ್ಲ' ಅಂತ ಹೇಳಿಬಿಡ್ತಾರೆ."

ಪಥ್ಯಪ್ಪ ಫೋನ್ ಕೆಳಗಿಟ್ಟು ಆ ಬಾಣವನ್ನೇ ನೋಡುತ್ತಾ ಕೂತ. ಸೇರಿದಾಗಿನಿಂದ ಅವನು ಕಳಿಸಿದ್ದು ಬರೀ ಬಾಣ. ಬಾಣವನ್ನು ನಾಲ್ಕು ಜನ ತಿಂಗಳು ತಿಂಗಳೂ ಪರಿಶೀಲಿಸಿದ್ದಾರೆ. ಒಂದು ಸಾಲು ಬಿಡದೆ ಓದಿದ್ದಾರೆ. ಕೂಡಿ ನೋಡಿದ್ದಾರೆ. ಬೇರೆ ಊರುಗಳಿಗೆ ಮಾದರಿಯಾಗಿ ಕಳಿಸಿದ್ದಾರೆ, ಆ ಊರುಗಳೂ ಮೆಚ್ಚಿಕೊಂಡಿವೆ. ಅವನು ರಾತ್ರಿ ಹಗಲು ಕೂತು ಕಟ್ಟಿದ ಸೂತ್ರಗಳನ್ನು ಅವನನ್ನು ಬಿಟ್ಟು ಭೂಮಿಯ ಮೇಲೆ ಒಬ್ಬರೂ ನೋಡಿಲ್ಲ. ಅಳಬೇಕೋ ನಗಬೇಕೋ ತಿಳಿಯದೆ ಅವನು ಎದ್ದು ನಿಂತ, ಯಾಕೆಂದರೆ ಹಿಪ್ಪೊ ಕೂಡ ಕೂಗಲು ಶುರುಮಾಡಿತ್ತು.

ಹಳೇ ಪೆಟ್ಟಿಗೆ ಎಲ್ಲಿ? ಸಿಕ್ಕವರನ್ನೆಲ್ಲ ಕೇಳುತ್ತಾ ಹೊರಟ.

"ಗುಜರಿಗೆ ಹಾಕೋ ಮುಂಚೆ ನಾನೇ ಇಸ್ಕೊಂಡೆ" ಎಂದರು ಡಾಕ್ಟರಮ್ಮ ಉತ್ಸಾಹದಿಂದ. "ಚಿಂಪಾಂಜಿಗೆ ಬೇಜಾರಾಗಿ ಕೂದಲು ಕಿತ್ಕೊಳ್ತಿತ್ತು. ಬುದ್ಧಿಗೆ ಕೆಲಸ ಬೇಕು ಅಂತ ಕೀಬೋರ್ಡು, ಪೆಟ್ಟಿಗೆ ಎಲ್ಲಾ ಅದರ ಬೋನಿಗೆ ಇಡ್ಸಿದೀನಿ. ಒಂದೇ ರಾತ್ರೀಲಿ ಎಷ್ಟು ಸುಧಾರಣೆ ಗೊತ್ತಾ!"

ಚಿಂಪಾಂಜಿಯನ್ನು ನೋಡಿಕೊಳ್ಳುವವನು ಅದನ್ನು 'ಮ್ಯಾನೇಜರು' ಎಂದು ಕರೆಯುತ್ತಿದ್ದ. ಎತ್ತರದ ಜಾಗದಲ್ಲಿ ಸುಮ್ಮನೆ ಕೂತಿರುತ್ತದೆ, ಬೇರೆ ಯಾರಾದರೂ ಕೆಲಸ ಮಾಡುವುದು ಕಂಡರೆ ಕಿರುಚುತ್ತದೆ ಎಂಬುದು ಅವನ ವಿವರಣೆ. ಪಥ್ಯಪ್ಪ ಹೋದಾಗ ಮ್ಯಾನೇಜರು ಕಂಪ್ಯೂಟರಿನ ಪೆಟ್ಟಿಗೆಯ ಮೇಲೆ ಕಾಲು ಇಳಿಬಿಟ್ಟು ಕೂತು, ತೊಡೆಯ ಮೇಲೆ ಕೀಬೋರ್ಡು ಇಟ್ಟುಕೊಂಡು, ಒಂದೇ ಗುಂಡಿಯನ್ನು ಒಂದೇ ಸಮನೆ ಒತ್ತುತ್ತಿದ್ದರು. ಪಥ್ಯಪ್ಪನಿಗೆ ತನ್ನನ್ನೇ ನೋಡಿದ ಹಾಗಾಯಿತು.

"ಅಣ್ಣ, ಅದರ ಕೆಳಗಿರೋ ಪೆಟ್ಟಿಗೆ ಬೇಕಿತ್ತು."

"ಬೇಕಂದ್ರೆ ಕೊಡೋ ಜಾತಿ ಅಲ್ಲ ಅದು" ಎಂದ ನೋಡಿಕೊಳ್ಳುವವನು. "ಬಾಳೆಹಣ್ಣು ತೋರ್ಸಿದ್ರೆ ಇಳಿದು ಬರ್ತಾರೆ."

"ಬಾಳೆಹಣ್ಣು ಕೊಡು ಮತ್ತೆ."

"ಹಣ್ಣು ಉಗ್ರಾಣದಲ್ಲಿದೆ."

"ಉಗ್ರಾಣದಕ್ಕ ಪ್ರಿಂಟ್ ಕೇಳ್ತಾರೆ."

"ಕೊಡಿ."

"ಪ್ರಿಂಟು ಆ ಪೆಟ್ಟಿಗೆ ಒಳಗಿದೆ ಅಣ್ಣ!"

ನೋಡಿಕೊಳ್ಳುವವನು ಈ ವೃತ್ತವನ್ನು ಮನಸ್ಸಿನಲ್ಲಿ ಒಂದು ಸುತ್ತು ಸುತ್ತಿ ಬಂದು, "ಹಾಗಾದ್ರೆ ಪೆಟ್ಟಿಗೆ ಸಿಕ್ಕಿದ ಮೇಲೆ ಪೆಟ್ಟಿಗೆ ತಗೋಬಹುದು" ಎಂದ.

ಪಥ್ಯಪ್ಪ ತನ್ನ ಊಟದ ಡಬ್ಬಿಯನ್ನೇ ತಂದ. ಮ್ಯಾನೇಜರು ಸರಳುಗಳ ನಡುವಿನಿಂದ ಕೈ ಚಾಚಿ ಇಸಕೊಂಡು, ಮುಚ್ಚಳ ತೆಗೆದು, ಮೂಸಿ, ಪಥ್ಯಪ್ಪನ ಮುಖ ನೋಡಿ, ಮುಚ್ಚಳ ಹಾಕಿ ವಾಪಸು ಕೊಟ್ಟರು. ಅದೇ ಹೊತ್ತಿಗೆ ಫೋನ್ ರಿಂಗಾಯಿತು.

"ರೀ, ಊಟ ಆಯ್ತಾ? ಸಹಿ ಆಯ್ತಾ?"

"ಊಟ... ಒಬ್ರಿಗೆ ಕೊಟ್ಟೆ ಕಣೇ. ಅವರಿಗೆ ಸೇರಲಿಲ್ಲ."

"ಯಾರ್ರೀ ಅದು? ನಾನು ಮಾಡಿದ್ದು ಸೇರದೇ ಇರೋರು?"

"ನಮ್ಮ ಮ್ಯಾನೇಜರು. ಇರು, ಫೈಲು ತೆರೀತಿಲ್ಲ. ತೆರೆದ್ರೆ ಎಲ್ಲಾ ಸರಿಹೋಗುತ್ತೆ. ಆಮೇಲೆ ಮಾಡ್ತೀನಿ."

ಬೋನಿನ ಸರಳಿಗೆ ಮುಖ ಒತ್ತಿ ಪಥ್ಯಪ್ಪ ದೈನ್ಯದಿಂದ ನೋಡಿದ. ಮ್ಯಾನೇಜರು ಕೀಬೋರ್ಡನ್ನು ಪಕ್ಕಕ್ಕಿಟ್ಟು, ಇಳಿದು ಬಂದು, ಅಷ್ಟೇ ಹತ್ತಿರದಿಂದ ಅವನನ್ನು ನೋಡಿದರು. ಆಮೇಲೆ ಅತ್ಯಂತ ನಾಜೂಕಾಗಿ, ಕಣ್ಣಿನ ಡಾಕ್ಟರು ತೆಗೆಯುವ ಹಾಗೆ, ಎರಡು ಬೆರಳಿನಲ್ಲಿ ಅವನ ಕನ್ನಡಕ ತೆಗೆದುಕೊಂಡರು. ಮೂಗಿಗೆ ಏರಿಸಿಕೊಂಡರು. ಲೋಕ ಬೇರೆಯದಾಗಿ ಕಂಡಿರಬೇಕು. ಕೈ ಚಾಚಿ ಗಾಳಿಯನ್ನು ಮುಟ್ಟುತ್ತಾ ಬೋನಿನ ಇನ್ನೊಂದು ಮೂಲೆಗೆ ನಡೆದರು. ಅಷ್ಟು ಸಾಕಾಯಿತು. ನೋಡಿಕೊಳ್ಳುವವನು ಪಕ್ಕದ ಸಣ್ಣ ಬಾಗಿಲಿನಿಂದ ಕೊಕ್ಕೆ ಹಾಕಿ ಪೆಟ್ಟಿಗೆಯನ್ನು ಎಳೆದುಕೊಂಡ.

"ಕನ್ನಡಕ?" ಎಂದ ಪಥ್ಯಪ್ಪ, ಒಂದು ಕಂಬವನ್ನು ನೋಡುತ್ತಾ.

"ನಾನಿಲ್ಲಿದೀನಿ ಅಣ್ಣ. ಕನ್ನಡಕ ಸದ್ಯಕ್ಕೆ ಕೇಳ್ಬೇಡಿ. ಈಗ ನಿಜಕ್ಕೂ ಮ್ಯಾನೇಜರ ಹಾಗೆ ಕಾಣ್ತಿದಾರೆ."

ಪೆಟ್ಟಿಗೆ ಒಂದು ಕಡೆ ನಗ್ಗಿತ್ತು, ಅದರಿಂದ ಚಿಂಪಾಂಜಿಯ ವಾಸನೆ ಬರುತ್ತಿತ್ತು. ಆದರೆ ತಂತಿಗಳನ್ನು ಸಿಕ್ಕಿಸಿದಾಗ ಅದು ನರಳುತ್ತಾ ಎದ್ದಿತು. ಪಥ್ಯಪ್ಪ ಮೂಗನ್ನು ಪರದೆಗೆ ಅಂಟಿಸಿ, ಕಪಾಟಿನೊಳಗಿನ ಕಪಾಟಿನೊಳಗಿನ ಕಪಾಟಿನಲ್ಲಿ ತಡಕಾಡಿ, ಬಾಣವಿಲ್ಲದ ಹಸಿರು ಚಿತ್ರವನ್ನು ಕಂಡುಹಿಡಿದು ಒತ್ತಿದ.

ತೆರೆಯಿತು! ಸಾಲು ಸಾಲಾಗಿ, ಕಾಲಂ ಕಾಲಮ್ಮಾಗಿ, ಹುಲಿ ಕರಡಿ ಹಿಪ್ಪೊ ಹೆಬ್ಬಾವು ಸಮೇತ ಇಡೀ ಮೃಗಾಲಯ ಪರದೆಯ ಮೇಲೆ ಬಂದು ನಿಂತಿತು. ಪ್ರಿಂಟ್ ಹೊರಬಂದಿತು. ಉಗ್ರಾಣದಕ್ಕನ ಕೈಗೊಂಚಲು ಝಣಝಣ ಎಂದಿತು. ಬುಟ್ಟಿಗಳು ಓಡಿದವು. ಒಂದೊಂದೇ ಬೋನು ಮೌನವಾಗುತ್ತಾ ಬಂದು, ಕೊನೆಗೆ ಎಲ್ಲ ಕಡೆಯಿಂದ ಜಗಿಯುವ ಸದ್ದು ಮಾತ್ರ ಕೇಳತೊಡಗಿತು. ಬೆಳಗಿನಿಂದ ಪಥ್ಯಪ್ಪನಿಗೆ ಅದಕ್ಕಿಂತ ಮಧುರವಾದ ಸದ್ದು ಕೇಳಿರಲಿಲ್ಲ.

ಇಲ್ಲಿಗೆ ನಿಲ್ಲಿಸಿ ಮನೆಗೆ ಹೋಗಿದ್ದರೆ ಕತೆ ಬೇರೆಯಾಗುತ್ತಿತ್ತು. ಆದರೆ ಪಥ್ಯಪ್ಪ ಅಚ್ಚುಕಟ್ಟಿನ ಮನುಷ್ಯ. ಇಷ್ಟು ಕಾಲ ತಾನು ತಪ್ಪು ವಸ್ತು ಕಳಿಸಿದ್ದೇನೆ ಎಂಬುದು ಅವನ ಮನಸ್ಸನ್ನು ಹಲ್ಲಿನಲ್ಲಿ ಸಿಕ್ಕಿದ ನಾರಿನಂತೆ ಕಾಡುತ್ತಿತ್ತು. ಅವನು ಮೇಲ್ ಬರೆಯಲು ಕೂತ.

"ಏನ್ ಬರೀತಿದೀಯ?" ಎಂದರು ಉಗ್ರಾಣದಕ್ಕ, ರಿಜಿಸ್ಟರಿಗೆ ಸಹಿ ಮಾಡಿಸಲು ಬಂದವರು.

"ಇಷ್ಟು ದಿನ ಕಳಿಸಿದ್ದು ಬರೀ ಶಾರ್ಟ್‌ಕಟ್ಟು, ಕ್ಷಮಿಸಿ, ಈಗ ನಿಜವಾದ ಫೈಲು ಕಳಿಸ್ತಿದೀನಿ ಅಂತ. ನಾಲ್ಕು ಜನಕ್ಕೂ."

"ಯಾರಾದ್ರೂ ಕೇಳಿದ್ರಾ?"

"ಕೇಳಿಲ್ಲ."

"ಮತ್ಯಾಕಪ್ಪಾ ಮಲಗಿರೋ ಹುಲೀನ ಎಬ್ಬಿಸ್ತೀಯ? ಈಗ ತಾನೇ ಊಟ ಮಾಡಿ ಮಲಗಿದೆ."

"ಅಕ್ಕಾ, ನಾನು ಎಷ್ಟು ಚೆನ್ನಾಗಿ ಮಾಡಿದೀನಿ ಅಂತ ಒಂದ್ಸಲ ನೋಡ್ಲಿ" ಎಂದ ಪಥ್ಯಪ್ಪ. ಆ ಮಾತಿನಲ್ಲಿದ್ದ ಆಸೆಯನ್ನು ಕೇಳಿ ಉಗ್ರಾಣದಕ್ಕ ರಿಜಿಸ್ಟರನ್ನು ಅವನ ಮುಂದೆ ಸರಿಸಿ ಸಹಿಯ ಜಾಗ ತೋರಿಸಿದರು. ಅವನು ಕಳಿಸಿಬಿಟ್ಟ.

ಸಂಜೆ ಸಾಹೇಬರು ಕರೆಸಿದರು. ಪಥ್ಯಪ್ಪ ಕೂದಲು ಬಾಚಿಕೊಂಡು, ಕನ್ನಡಕವಿಲ್ಲದೆ ಗೋಡೆ ಸವರಿಕೊಂಡು ಹೋದ. ಎದುರಿನ ಕುರ್ಚಿಗಳಲ್ಲಿ ಲೆಕ್ಕದ ಯಜಮಾನರದೂ ಡಾಕ್ಟರಮ್ಮನದೂ ಆಕಾರಗಳಿದ್ದವು. ಅಭಿನಂದಿಸಲು ಸೇರಿದ್ದಾರೆ ಎಂದುಕೊಂಡು ಎರಡು ಆಕಾರಗಳಿಗೂ ನಕ್ಕ. ಆಕಾರಗಳು ನಗಲಿಲ್ಲ.

"ಕೂತ್ಕೊಳಿ ಇವ್ರೇ" ಎಂದರು ಸಾಹೇಬರು. "ನಿಮ್ಮ ಫೈಲು ಬಂತು. ತೆರೀತು."

"ಸಂತೋಷ ಸಾರ್."

"ಸಂತೋಷ ಏನ್ ಬಂತು? ಎಲ್ರೂ ನೋಡಿದಾರೆ. ಯಜಮಾನ್ರೇ, ಹೇಳಿ."

ಲೆಕ್ಕದ ಯಜಮಾನರು ಕೆಮ್ಮಿದರು. ಅವರು ಹೊದಿಕೆ ತೆಗೆದು ಕಂಪ್ಯೂಟರ್ ಹಚ್ಚಿದ್ದು ಸೇವೆಯಲ್ಲೇ ಮೊದಲ ಸಲವಿರಬೇಕು, ಅಂಗಿಯ ತೋಳಿಗೆ ಹತ್ತಿದ ಧೂಳು ಪಥ್ಯಪ್ಪನ ಮೂಗಿಗೂ ಬಂತು. "ಹೆಬ್ಬಾವಿನ ಸಾಲು ನೋಡಪ್ಪಾ. ವಾರದಲ್ಲಿ ಒಂದು ದಿನ ಊಟ ಹಾಕಿದೀಯ, ಮಿಕ್ಕ ದಿನ ಖಾಲಿ ಬಿಟ್ಟಿದೀಯ. ಆ ದಿನಗಳಲ್ಲಿ ಹೆಬ್ಬಾವು ಎಲ್ಲಿ ಹೋಗಿತ್ತು? ರಜೆ ಚೀಟಿ ಇದೆಯಾ?"

"ಹೆಬ್ಬಾವು ದಿನಾ ತಿನ್ನಲ್ಲ ಯಜಮಾನ್ರೇ..."

"ಅದನ್ನ ಖಾಲಿ ಬಿಟ್ಟು ಹೇಳೋದಾ? 'ತಿನ್ನಲಿಲ್ಲ' ಅಂತ ಬರೀಬೇಕು."

"ಇನ್ನು ನನ್ನ ಸೂಚನೆಗಳು" ಎಂದರು ಡಾಕ್ಟರಮ್ಮ. "ಕರಡಿಗೆ ಜೇನು ಕಡಿಮೆ ಮಾಡಿ ಅಂತ ನಾನೇ ಹೇಳಿದ್ದೆ ಅಂತ ಬರೆದಿದೀರಿ. ನಾನು ಹೇಳಿದ್ದು ನಿಜ. ಆದರೆ ಹಾಗೆ ಎಲ್ಲರಿಗೂ ಕಾಣೋ ಹಾಗೆ ನನ್ನ ಹೆಸರು ಹಾಕೋದಾ? ನಾಳೆ ಕರಡಿಗೆ ಏನಾದ್ರೂ ಆದ್ರೆ?"

"ದೊಡ್ಡ ಕಚೇರಿಯವರದು ಇನ್ನೂ ದೊಡ್ಡದಿದೆ" ಎಂದು ಸಾಹೇಬರು ಒಂದು ಹಾಳೆ ಎತ್ತಿಕೊಂಡರು. "ಹಿಪ್ಪೊ ಇಷ್ಟು ಹುಲ್ಲು ತಿನ್ನೋದು ನಂಬೋ ಹಾಗಿಲ್ಲವಂತೆ. ಹಿಪ್ಪೊನ ಲಿಖಿತ ವಿವರಣೆ, ಅಂದ್ರೆ ಹಿಪ್ಪೊ ಬಗ್ಗೆ ನಿಮ್ಮ ಲಿಖಿತ ವಿವರಣೆ ಕೇಳಿದಾರೆ. ಅಲ್ದೆ ಹಿಂದಿನ ಫೈಲುಗಳ ಜೊತೆ ಹೋಲಿಸಿದ್ರೆ ಇದರಲ್ಲಿ ಬಹಳ ವ್ಯತ್ಯಾಸ ಇದೆಯಂತೆ."

"ಸಾರ್, ಹಿಂದಿನವು ಯಾವತ್ತೂ ತೆರೆದೇ ಇಲ್ಲವಲ್ಲ! ಹೋಲಿಸಿದ್ದು ಹೇಗೆ?"

ಮೂರು ಆಕಾರಗಳೂ ಒಂದೇ ಸಲ ಅವನತ್ತ ತಿರುಗಿದವು. ಕಣ್ಣು ಸರಿಯಾಗಿ ಕಾಣದಿದ್ದರೂ ಅವು ಹೇಗೆ ನೋಡುತ್ತಿವೆ ಎಂಬುದು ಪಥ್ಯಪ್ಪನಿಗೆ ಕಂಡಿತು.

"ಏನಂದ್ರಿ ಇವ್ರೇ?" ಸಾಹೇಬರ ಧ್ವನಿ ರೇಷ್ಮೆಯಂತಿತ್ತು. "ನಾವು ನೋಡಿಲ್ಲ ಅಂತೀರಾ? ಡಾಕ್ಟರಮ್ಮ ನೋಡಿಲ್ಲವಾ? ದೊಡ್ಡ ಕಚೇರಿ ನೋಡಿಲ್ಲವಾ?"

"ಇಲ್ಲ ಸಾರ್... ಅಂದ್ರೆ ನೋಡಿದೀರಿ ಸಾರ್."

"ನೋಡಿದೀವಿ. ಎಲ್ಲಾ ಸರಿಯಾಗಿತ್ತು. ಇಷ್ಟು ದಿನ ನೀವು ಕಳಿಸಿದ್ರಲ್ಲಿ ಒಂದೇ ಒಂದು ತಪ್ಪು ಯಾರಿಗೂ ಕಂಡಿರಲಿಲ್ಲ. ಇವತ್ತು ಕಳಿಸಿದ್ದೊಂದರಲ್ಲೇ ಇಷ್ಟು!" ಸಾಹೇಬರು ಕಾಯಂ ಆದೇಶವನ್ನು ಎತ್ತಿ, ಅದರ ಮೇಲಿನ ಧೂಳು ಊದಿ, ಡ್ರಾಯರಿನೊಳಗೆ ಇಟ್ಟರು. "ಆಕ್ಷೇಪಣೆ ಇರೋವಾಗ ಕಾಯಂ ಮಾಡೋಕೆ ನಿಯಮ ಬಿಡಲ್ಲ. ನನಗೂ ಬೇಜಾರು. ಇನ್ನೊಂದು ವರ್ಷ ಹಂಗಾಮಿಯಾಗೇ ಇರಿ. ಇದಕ್ಕೆಲ್ಲ ಉತ್ತರ ಬರೆದು ಹಾಕಿ, ನೋಡೋಣ." ಆಮೇಲೆ ತಗ್ಗಿದ ಧ್ವನಿಯಲ್ಲಿ, ಮನೆಯ ಹಿರಿಯರು ಹೇಳುವ ಹಾಗೆ, "ಹಿತವಾಗಿ ಒಂದು ಮಾತು. ಮುಂದಿನ ತಿಂಗಳಿಂದ ಮೊದಲು ಹೇಗೆ ಕಳಿಸ್ತಿದ್ರೋ ಹಾಗೇ ಕಳಿಸಿ. ಅದೇ ಚೆನ್ನಾಗಿತ್ತು" ಎಂದರು.

ಪಥ್ಯಪ್ಪ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತ. ಹೊಟ್ಟೆ ತುಂಬಿದ ಮೃಗಾಲಯ ಸಂಜೆಯ ಬಿಸಿಲಿನಲ್ಲಿ ತೂಕಡಿಸುತ್ತಿತ್ತು. ಎಲ್ಲೋ ಕರಡಿಯೊಂದು ತೃಪ್ತಿಯಿಂದ ತೇಗಿತು. ಫೋನ್ ರಿಂಗಾಯಿತು. ಹೆಸರು ಓದಲು ಕಾಣದಿದ್ದರೂ ಯಾರೆಂದು ಗೊತ್ತಿತ್ತು.

"ರೀ, ನಮ್ಮಣ್ಣ ಇಲ್ಲೇ ಬಂದು ಕೂತಿದಾನೆ. ಬೆಳಗಿಂದ ನನಗೆ ಜೀವದಲ್ಲಿ ಜೀವ ಇಲ್ಲ. ಏನಾಯ್ತು ಹೇಳಿ, ಆ ಹಾಳು ಫೈಲು ತೆರೀತೋ ಇಲ್ವೋ?"

"ತೆರೀತು ಕಣೇ" ಎಂದ ಪಥ್ಯಪ್ಪ. "ಅದಕ್ಕೇ ಕಾಯಂ ಆಗಲಿಲ್ಲ."